39ರ ವಯಸ್ಸಿನಲ್ಲಿ 35ನೇ ಗೆಲುವು: ರೇಸಿನ ಬಾಲದಲ್ಲಿ ಬದುಕಿದ ಕ್ಯಾವೆಂಡಿಶ್

ಇವತ್ತು ಸೈಕಲ್ ಮಾತು.

ಮಾರ್ಕ್ ಕ್ಯಾವೆಂಡಿಶ್. ಐಲ್ ಆಫ್ ಮ್ಯಾನ್ ಅನ್ನೋ ಪುಟ್ಟ ದ್ವೀಪದವರು. 2024ರ ಜುಲೈ 3ರಂದು ಟೂರ್ ಡಿ ಫ್ರಾನ್ಸ್‌ನಲ್ಲಿ 35ನೇ ಹಂತ ಗೆದ್ದರು. ಆಗ ಅವರಿಗೆ 39 ವರ್ಷ. ಬೆಲ್ಜಿಯಂನ ಎಡ್ಡಿ ಮರ್ಕ್ಸ್ 1975ರಲ್ಲಿ 34ಕ್ಕೆ ತಂದು ನಿಲ್ಲಿಸಿದ್ದ ದಾಖಲೆ ಅಂದು ಮುರಿಯಿತು. ಈ ಸುದ್ದಿ ನೀವೂ ಓದಿರ್ತೀರಿ. ನಾನು ಹೇಳಹೊರಟಿರೋದು ರೇಸಿನ ಬಾಲದ ಕಥೆ.

ಟೂರ್ ಅಂದರೆ ಮೂರು ವಾರ, 21 ಹಂತ. ದಿನಕ್ಕೊಬ್ಬ ವಿಜೇತ. ಕ್ಯಾವೆಂಡಿಶ್ ಸ್ಪ್ರಿಂಟರ್. ಸಮತಟ್ಟು ರಸ್ತೆಯಲ್ಲಿ ಕೊನೆಯ ಇನ್ನೂರು ಮುನ್ನೂರು ಮೀಟರ್ ಗಂಟೆಗೆ ಸುಮಾರು 70 ಕಿಲೊಮೀಟರ್ ವೇಗದಲ್ಲಿ ನುಗ್ಗೋದು ಅವರ ಕಸುಬು. ಆದರೆ ಅಂಥ ಮಾಂಸಖಂಡದ ಮೈ ಬೆಟ್ಟ ಹತ್ತುವಾಗ ಹೊರೆ. ಅಲ್ಲಿ ಇನ್ನೊಂದು ಕತ್ತಿಯೂ ತೂಗ್ತಿರುತ್ತೆ: ಗೆದ್ದವನ ಸಮಯದ ಮೇಲೆ ಇಂತಿಷ್ಟು ಶೇಕಡಾ ಅಂತ ಗಡುವು. ಅದರೊಳಗೆ ಗುರಿ ಮುಟ್ಟದಿದ್ದರೆ ಮನೆಗೆ. ಅದಕ್ಕೇ ಹಿಂದುಳಿದವರೆಲ್ಲ ಒಂದು ಗುಂಪು ಕಟ್ಟಿಕೊಂಡು, ಬೇರೆ ಬೇರೆ ತಂಡದವರಾದರೂ ಸರದಿಯಂತೆ ಗಾಳಿಗೆ ಎದೆಯೊಡ್ಡಿ, ಗಡಿಯಾರ ನೋಡ್ತಾ ಬೆಟ್ಟ ದಾಟ್ತಾರೆ. ಫ್ರೆಂಚರು ಆ ಗುಂಪನ್ನು ‘ಬಸ್ಸು’ ಅಂತಾರೆ. ಟಿವಿ ಕ್ಯಾಮೆರಾ ಅತ್ತ ಹೋಗೋದೇ ಕಡಿಮೆ. ನನ್ನ ಪ್ರಕಾರ ಸ್ಪ್ರಿಂಟರ್‌ನ ವೃತ್ತಿಜೀವನದ ಅಸಲಿ ದುಡಿಮೆ ಅಲ್ಲೇ ನಡೆಯೋದು.

ಮೊದಲ ವರ್ಷಗಳ ಲೆಕ್ಕ ಬೇಗ ಹೇಳಿಬಿಡ್ತೀನಿ. 2008ರಲ್ಲಿ ನಾಲ್ಕು, 2009ರಲ್ಲಿ ಆರು, ಹೀಗೆ 2016ರ ಹೊತ್ತಿಗೆ 30. ನಡುವೆ 2011ರಲ್ಲಿ ವಿಶ್ವ ಚಾಂಪಿಯನ್ ಪಟ್ಟ.

ಆಮೇಲೆ ಬಂದದ್ದು ಬರಗಾಲ. ಎಪ್‌ಸ್ಟೈನ್-ಬಾರ್ ವೈರಸ್, ಅದರ ಸುಸ್ತು. ಜತೆಗೆ ಖಿನ್ನತೆ, ಅದನ್ನ ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. 2018ರ ಟೂರ್‌ನಲ್ಲಿ ಆಲ್ಪ್ಸ್‌ನ ಲಾ ರೋಸಿಯೇರ್ ಹಂತ ನೆನಪಿಸಿಕೊಳ್ಳಿ. ವಿಜೇತನಿಗಿಂತ ಒಂದು ತಾಸಿಗೂ ಹೆಚ್ಚು ತಡವಾಗಿ ಬಂದರು. ಗಡುವು ಯಾವಾಗಲೋ ಮುಗಿದಿತ್ತು. ಕಾರು ಹತ್ತಬಹುದಿತ್ತು, ಯಾರೂ ಏನೂ ಅಂತಿರಲಿಲ್ಲ. ಹತ್ತಲಿಲ್ಲ, ಗುರಿಯವರೆಗೆ ತುಳಿದರು. 35ನೇ ಗೆಲುವಿಗಿಂತ ಈ ದಿನವೇ ನನಗೆ ದೊಡ್ಡದಾಗಿ ಕಾಣುತ್ತೆ.

2020ರ ಕೊನೆಯಲ್ಲಿ ಒಂದು ರೇಸ್ ಮುಗಿಸಿ, ಇದೇ ಕೊನೆಯದಿರಬಹುದು ಅಂತ ಕಣ್ಣೀರಿಟ್ಟರು. ಮುಂದಿನ ವರ್ಷಕ್ಕೆ ಹಳೆಯ ತಂಡ ಕರೆಯಿತು. ಆ ತಂಡದ ಮುಖ್ಯ ಸ್ಪ್ರಿಂಟರ್‌ಗೆ ಮಂಡಿ ನೋವು ಬಂದದ್ದರಿಂದ ಟೂರ್‌ಗೆ ಜಾಗ ಸಿಕ್ಕಿತು. ಬದಲಿಯಾಗಿ ಹೋದವರು ನಾಲ್ಕು ಹಂತ ಗೆದ್ದು ಮರ್ಕ್ಸ್‌ಗೆ ಸಮನಾದರು. ಇಲ್ಲೊಂದು ಮಾತು: ಮರ್ಕ್ಸ್ ಬೆಟ್ಟದಲ್ಲೂ ಗೆದ್ದವರು, ಐದು ಸಲ ಇಡೀ ಟೂರನ್ನೇ ಗೆದ್ದವರು. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕೋದು ನನಗೆ ಒಪ್ಪಿಗೆಯಿಲ್ಲ.

2023ರಲ್ಲಿ ನಿವೃತ್ತಿ ಘೋಷಿಸಿಯೇ ಟೂರ್‌ಗೆ ಬಂದರು. ಎಂಟನೇ ಹಂತದಲ್ಲಿ ಬಿದ್ದು ಕಾಲರ್ ಮೂಳೆ ಮುರಿಯಿತು. ಅಸ್ತಾನಾ ತಂಡ ಇನ್ನೊಂದು ವರ್ಷ ಇರಿ ಅಂತು, ಉಳಿದರು. 2024ರಲ್ಲಿ ಮೊದಲ ದಿನವೇ, ಫ್ಲಾರೆನ್ಸ್‌ನಿಂದ ರಿಮಿನಿಗೆ ಹೋಗೋ ದಾರಿಯ ಸುಡುಬಿಸಿಲಲ್ಲಿ, ಸೈಕಲ್ ಮೇಲೇ ವಾಂತಿ. ತಂಡದವರು ಮುಂದಿನ ರೇಸ್ ಬಿಟ್ಟು ಅವರ ಸುತ್ತ ನಿಂತು, ಗಡುವಿನೊಳಗೆ ದಡ ಸೇರಿಸಿದರು. ಅದಾಗಿ ನಾಲ್ಕನೇ ದಿನ ಸಾಂ ವುಲ್ಬಾದಲ್ಲಿ ಎದುರಾಳಿಗಳ ಚಕ್ರದಿಂದ ಚಕ್ರಕ್ಕೆ ಜಿಗಿಯುತ್ತ ದಾರಿ ಮಾಡಿಕೊಂಡು ಮೊದಲು ಗೆರೆ ದಾಟಿದರು.

ದಾಖಲೆ ಆಯ್ತು, ಮನೆಗೆ ಹೋಗಬಹುದಿತ್ತಲ್ಲ? ಪಿರೆನೀಸ್, ಆಲ್ಪ್ಸ್ ಎರಡೂ ಬಾಕಿಯಿದ್ದವು. ಮತ್ತೆ ಹಿಂದಿನ ಗುಂಪು, ಮತ್ತೆ ಗಡಿಯಾರ. ಜುಲೈ 21ರಂದು ನೀಸ್‌ನಲ್ಲಿ ಟೂರ್ ಮುಗಿಸಿಯೇ ಸೈಕಲ್ ಇಳಿದರು.

ಮುಂದಿನ ಸಂಚಿಕೆಯಲ್ಲಿ ಸಿಗೋಣ.