ಅಹವಾಲು ದಾಖಲೆಯಾಗಲಿ: ರಸ್ತೆ ಮತ್ತು ವಸತಿ ವಿಷಯಗಳಲ್ಲಿ ಸದಸ್ಯರ ಹೊಣೆ

(ಬಸವಕಲ್ಯಾಣ ಹಾಗೂ ಹುಮನಾಬಾದ್ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಸಭೆಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಬೆಳಗಾದರೆ ನಿಮ್ಮ ಬಾಗಿಲಿಗೆ ಬರುವ ಜನರ ಮಾತಿನಲ್ಲಿ ಎರಡು ವಿಷಯಗಳು ತಪ್ಪುವುದಿಲ್ಲ: ಒಂದು ರಸ್ತೆ, ಇನ್ನೊಂದು ಮನೆ. ಶಾಸಕರು ಊರಿಗೆ ಬಂದಾಗ ಅವರ ವಾಹನವನ್ನು ಸುತ್ತುವರಿದು ಜನರು ಹೇಳುವುದೂ ಇವೇ ಎರಡು. ಹೇಳುವವರು ಹೇಳುತ್ತಾರೆ, ಕೇಳುವವರು ‘ಮಾಡೋಣ’ ಎನ್ನುತ್ತಾರೆ. ಬಹುಪಾಲು ಅಹವಾಲುಗಳು ಅಲ್ಲಿಯೇ ಉಳಿದುಬಿಡುತ್ತವೆ. ಹಾಗೆ ಉಳಿಯದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಇಂದಿನ ನನ್ನ ವಿಷಯ.

ನಮ್ಮ ಜಿಲ್ಲೆಯ ಎರಡು ಘಟನೆಗಳನ್ನು ನೆನಪಿಗೆ ತರುತ್ತೇನೆ. 2019ರ ಜೂನ್ 26ರಂದು ಬಸವಕಲ್ಯಾಣ ಪಟ್ಟಣದಲ್ಲಿ ಹಳೆಯ ಮನೆಯೊಂದರ ಛಾವಣಿ ಕುಸಿದು, ಮಲಗಿದ್ದ ಒಂದೇ ಕುಟುಂಬದ ಆರು ಮಂದಿ ಮೃತಪಟ್ಟರು. 2022ರ ನವೆಂಬರ್ 4ರಂದು, ಹಿಂದೆ ಹುಮನಾಬಾದ್ ತಾಲ್ಲೂಕಿನಲ್ಲಿದ್ದು ಈಗ ಚಿಟಗುಪ್ಪ ತಾಲ್ಲೂಕಿಗೆ ಸೇರಿರುವ ಬೇಮಳಖೇಡದ ಬಳಿ ಆಟೊ ಮತ್ತು ಲಾರಿ ಡಿಕ್ಕಿಯಾಗಿ, ಕೂಲಿ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ ಏಳು ಮಹಿಳೆಯರು ಪ್ರಾಣ ಕಳೆದುಕೊಂಡರು. ಯಾರ ಮೇಲೂ ತಪ್ಪು ಹೊರಿಸಲು ಇವನ್ನು ಹೇಳುತ್ತಿಲ್ಲ. ಶಿಥಿಲವಾದ ಮಾಳಿಗೆಯ ಕೆಳಗೆ ಮಲಗುವವರು, ತುಂಬಿದ ಆಟೊದಲ್ಲಿ ಹೆದ್ದಾರಿ ದಾಟುವವರು ನಮ್ಮ ಪ್ರತಿಯೊಂದು ವಾರ್ಡಿನಲ್ಲಿಯೂ ಇದ್ದಾರೆ ಎಂಬುದನ್ನು ನಾವು ಮರೆಯಬಾರದು.

ಮೊದಲು ರಸ್ತೆಯ ವಿಷಯ. ದೂರು ಬಂದ ಕೂಡಲೇ ಕೇಳಬೇಕಾದ ಪ್ರಶ್ನೆ: ಈ ರಸ್ತೆ ಯಾರದು? ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65 ಸಸ್ತಾಪುರ ಬಂಗ್ಲಾ, ರಾಜೇಶ್ವರಗಳನ್ನು ಹಾದು ಹುಮನಾಬಾದಿಗೆ ಬರುತ್ತದೆ. ಬೀದರ್‌ನಿಂದ ಕಲಬುರಗಿಯತ್ತ ಹೋಗುವ ಹೆದ್ದಾರಿ 50 ಕೂಡ ಹುಮನಾಬಾದನ್ನೇ ಹಾದುಹೋಗುತ್ತದೆ. ಇವು ಹೆದ್ದಾರಿ ಪ್ರಾಧಿಕಾರದ ವ್ಯಾಪ್ತಿಯಲ್ಲಿವೆಯೋ, ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗದ ವ್ಯಾಪ್ತಿಯಲ್ಲಿವೆಯೋ ಎಂಬುದನ್ನು ಆಯಾ ಭಾಗಕ್ಕೆ ತಕ್ಕಂತೆ ಖಚಿತಪಡಿಸಿಕೊಳ್ಳಬೇಕು. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಗೆ ಸೇರಿದವು. ಊರಿನಿಂದ ಊರಿಗೆ ಹೋಗುವ ಗ್ರಾಮೀಣ ರಸ್ತೆಗಳು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದವು. ಊರೊಳಗಿನ ಓಣಿ, ಚರಂಡಿ, ಬೀದಿದೀಪಗಳು ನಮ್ಮವೇ. ತಪ್ಪು ಕಚೇರಿಗೆ ಬರೆದ ಪತ್ರ ತಿಂಗಳುಗಟ್ಟಲೆ ಟಪಾಲಿನಲ್ಲಿಯೇ ಸುತ್ತುತ್ತದೆ.

ಎರಡನೆಯದು, ಏನನ್ನು ಕೇಳಬೇಕು ಎಂಬುದು. ಜನರು ಸಾಮಾನ್ಯವಾಗಿ ಕೇಳುವುದು ಸ್ಪೀಡ್ ಬ್ರೇಕರ್. ಆದರೆ ರಾಷ್ಟ್ರೀಯ ಹೆದ್ದಾರಿಗಳ ಮೇಲೆ ಸ್ಪೀಡ್ ಬ್ರೇಕರ್ ಇರಕೂಡದೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2016ರಲ್ಲಿ ಸೂಚಿಸಿದೆ. ಅಂತಹ ಕಡೆ ಎಚ್ಚರಿಕೆಯ ಉಬ್ಬುಪಟ್ಟಿಗಳು, ಮುನ್ಸೂಚನಾ ಫಲಕ, ಕೂಡುರಸ್ತೆಯಲ್ಲಿ ದೀಪ, ಪಾದಚಾರಿಗಳು ದಾಟಲು ಸುರಕ್ಷಿತ ಸ್ಥಳ, ಸರ್ವಿಸ್ ರಸ್ತೆ ಇವುಗಳನ್ನು ಕೇಳಬೇಕು. ಊರೊಳಗಿನ ರಸ್ತೆಯಲ್ಲಿ ಸ್ಪೀಡ್ ಬ್ರೇಕರ್ ಹಾಕುವುದಾದರೂ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯಿದೆ: 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ. ಮನೆಯ ಮುಂದೆ ಕಾಂಕ್ರೀಟ್ ಸುರಿದು ಮಾಡಿದ, ಬಣ್ಣ ಬಳಿಯದ ದಿಣ್ಣೆಯು ರಾತ್ರಿ ಬರುವ ಬೈಕ್ ಸವಾರನಿಗೆ ಅಪಾಯವೇ ಹೊರತು ರಕ್ಷಣೆಯಲ್ಲ.

ವಾಹನವು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದರೆ, ಚಾಲಕನು ಅಪಾಯವನ್ನು ಕಂಡು ಬ್ರೇಕ್ ಒತ್ತುವ ಎರಡೂವರೆ ಸೆಕೆಂಡಿನಲ್ಲಿ ಅದು ಸುಮಾರು 55 ಮೀಟರ್ ಮುಂದೆ ಸಾಗಿರುತ್ತದೆ. ಪೂರ್ತಿ ನಿಲ್ಲಲು ಒಟ್ಟು 120 ಮೀಟರ್ ಬೇಕೆಂದು ರಸ್ತೆ ವಿನ್ಯಾಸದಲ್ಲಿ ಲೆಕ್ಕ ಹಿಡಿಯುತ್ತಾರೆ. ಆದುದರಿಂದ ನಿಮ್ಮ ಊರಿನ ಕೂಡುರಸ್ತೆಯಲ್ಲಿ ನಿಂತು ಎರಡೂ ಕಡೆಗೆ 120 ಮೀಟರ್ ಕಾಣಿಸುತ್ತದೆಯೇ ಎಂದು ನೋಡಿರಿ. ಜಾಲಿ ಪೊದೆ, ಡಬ್ಬಿ ಅಂಗಡಿ, ಜಾಹೀರಾತು ಫಲಕ ಯಾವುದು ಅಡ್ಡವಾಗಿದೆ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ. ನಮ್ಮ ಜಾಗದಲ್ಲಿರುವ ಅಡ್ಡಿಯನ್ನು ತೆರವುಗೊಳಿಸಲು ಪಂಚಾಯತಿಗೇ ಅಧಿಕಾರವಿದೆ. ಬೇರೆ ಇಲಾಖೆಯ ಜಾಗವಾದರೆ ಆ ಇಲಾಖೆಗೆ ಬರೆಯಬೇಕು.

ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡು ಟ್ರೇಲರ್ ಜೋಡಿಸಿದ ಟ್ರಾಕ್ಟರುಗಳು ಹಿಂಬದಿ ದೀಪವಿಲ್ಲದೆ ಕತ್ತಲೆಯಲ್ಲಿ ನಿಂತಿರುವುದನ್ನು ನೀವೆಲ್ಲರೂ ಕಂಡಿದ್ದೀರಿ. ಹಂಗಾಮು ಆರಂಭವಾಗುವ ಮೊದಲೇ ಪ್ರತಿಫಲಕ ಪಟ್ಟಿಗಳ ಕುರಿತು ಕಾರ್ಖಾನೆಗೆ, ಪ್ರಾದೇಶಿಕ ಸಾರಿಗೆ ಅಧಿಕಾರಿಗೆ ಹಾಗೂ ಪೊಲೀಸ್ ಠಾಣೆಗೆ ಠರಾವಿನ ಪ್ರತಿ ತಲುಪಬೇಕು. ಕೂಲಿಯ ಮಹಿಳೆಯರು ಆಟೊ ಹತ್ತುವುದು ಇಷ್ಟಪಟ್ಟಲ್ಲ. ಕೆಲಸದ ವೇಳೆಗೆ ಬಸ್ಸು ಇಲ್ಲದ ಕಾರಣ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾಗಿದೆ. ಆದರೆ ಬಸ್ಸು ಬಂದರೆ ಮಾತ್ರ ಅದು ಉಚಿತ. ಬೆಳಿಗ್ಗೆ ಎಷ್ಟು ಗಂಟೆಗೆ, ಯಾವ ಊರಿಗೆ, ಎಷ್ಟು ಮಂದಿ ಹೋಗುತ್ತಾರೆಂದು ಬರೆದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಘಟಕ ವ್ಯವಸ್ಥಾಪಕರಿಗೆ ಕೊಡಿರಿ.

ಭಾರಿ ವಾಹನಗಳ ಸಂಚಾರವನ್ನು ನಿರ್ಬಂಧಿಸುವುದು ಪಂಚಾಯತಿಯ ಅಧಿಕಾರವಲ್ಲ. ಮೋಟಾರು ವಾಹನ ಕಾಯ್ದೆ 1988ರ 115ನೇ ಪ್ರಕರಣದಡಿ ಅಂತಹ ಆದೇಶವಾಗಬೇಕು. ಜಿಲ್ಲೆಯಲ್ಲಿ ಅದು ಜಿಲ್ಲಾಧಿಕಾರಿಗಳಿಂದ ಬರುತ್ತದೆ. ಅವರ ಅಧ್ಯಕ್ಷತೆಯಲ್ಲಿಯೇ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯೂ ಇದೆ. ನಿಮ್ಮ ಠರಾವು ಆ ಸಮಿತಿಯ ಕಾರ್ಯಸೂಚಿಗೆ ಹೋಗುವಂತಿರಬೇಕು.

ಇನ್ನು ವಸತಿಯ ವಿಷಯ. ‘ಮನೆ ಕೊಡಿಸಿರಿ’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಕಷ್ಟಗಳು ಅಡಗಿರುತ್ತವೆ. ಯಾವುದೆಂದು ತಿಳಿಯದೆ ಅರ್ಜಿ ಬರೆಯಬಾರದು.

ಮನೆಯೇ ಇಲ್ಲದವರ ದಾರಿ ವಸತಿ ಯೋಜನೆಗಳದು. ಪ್ರಧಾನಮಂತ್ರಿ ಆವಾಸ್ ಯೋಜನೆ, ಬಸವ ವಸತಿ ಯೋಜನೆ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ ಯೋಜನೆಗಳು ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ ಅನುಷ್ಠಾನಗೊಳ್ಳುತ್ತವೆ. ಫಲಾನುಭವಿಗಳ ಪಟ್ಟಿ ಗ್ರಾಮಸಭೆಯ ಮುಂದೆ ಬರಲೇಬೇಕು. ಸಭೆಯಲ್ಲಿ ಹೆಸರುಗಳನ್ನು ಗಟ್ಟಿಯಾಗಿ ಓದಿ ಹೇಳಿರಿ. ಕೈಬಿಟ್ಟ ಹೆಸರಿಗೆ ಕಾರಣವನ್ನೂ ಹೇಳಿರಿ. ಕಾರಣ ತಿಳಿದವನು ಮುಂದಿನ ಸಲಕ್ಕೆ ಕಾಯುತ್ತಾನೆ. ತಿಳಿಯದವನು ಪಂಚಾಯತಿಯ ಮೇಲಿನ ನಂಬಿಕೆಯನ್ನೇ ಬಿಡುತ್ತಾನೆ.

ಮನೆಯಿದ್ದು ಹಕ್ಕಿನ ಕಾಗದವಿಲ್ಲದವರ ದಾರಿ ಬೇರೆ. ಮನೆ ತೆರಿಗೆಯ ರಸೀದಿ ಒಡೆತನದ ಪತ್ರವಲ್ಲ. ಸರಕಾರಿ ಜಾಗದಲ್ಲಿ ಕಟ್ಟಿಕೊಂಡವರು ಭೂಕಂದಾಯ ಕಾಯ್ದೆಯ 94ಸಿ ಪ್ರಕರಣದಡಿ ತಹಸೀಲ್ದಾರರ ಬಳಿ ಹೋಗಬೇಕು. ದಾಖಲೆಯಿಲ್ಲದ ತಾಂಡಾಗಳ ವಿಷಯದಲ್ಲಿ ದೊಡ್ಡ ಹೆಜ್ಜೆಯೊಂದು ಈಗಾಗಲೇ ಆಗಿದೆ: ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ ಸುಮಾರು 1,475 ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ, 2023ರ ಜನವರಿ 19ರಂದು ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ನೀಡಲಾಯಿತು. ನಿಮ್ಮ ತಾಂಡಾ ಆ ಪಟ್ಟಿಯಲ್ಲಿದೆಯೇ, ಹಕ್ಕುಪತ್ರ ಕೈಗೆ ಬಂದಿದೆಯೇ, ಬಂದ ಮೇಲೆ ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಮತ್ತು 11ಎ ಆಗಿವೆಯೇ ಎಂದು ನಾಯಕ, ಕಾರಭಾರಿಗಳೊಡನೆ ಕುಳಿತು ಮನೆಮನೆಯ ಲೆಕ್ಕ ಮಾಡಿರಿ.

ಮೂರನೆಯದು, ಬೀಳುವ ಸ್ಥಿತಿಯಲ್ಲಿರುವ ಮನೆ. ನಮ್ಮ ಭಾಗದ ಮಣ್ಣಿನ ಮಾಳಿಗೆಗಳು ಮಳೆಯ ನೀರನ್ನು ಹೀರಿ ಭಾರವಾಗುತ್ತವೆ. ಕೆಳಗಿನ ತೊಲೆ ಗೆದ್ದಲು ತಿಂದಿದ್ದರೆ ಆ ಭಾರ ತಡೆಯದು. ಮನೆ ಬಿದ್ದ ಮೇಲೆ ಕಂದಾಯ ಇಲಾಖೆಯವರು ಹಾನಿಯನ್ನು ಎ, ಬಿ, ಸಿ ಎಂದು ವರ್ಗೀಕರಿಸಿ ಪರಿಹಾರ ಕೊಡುತ್ತಾರೆ. ಆದರೆ ಹೋದ ಜೀವಕ್ಕೆ ವರ್ಗವಿಲ್ಲ. ಆದುದರಿಂದ ಮೇ ತಿಂಗಳಿನಲ್ಲಿಯೇ ಪ್ರತಿ ಸದಸ್ಯರು ತಮ್ಮ ವಾರ್ಡಿನ ಅಪಾಯದ ಮನೆಗಳ ಪಟ್ಟಿ ಮಾಡಬೇಕು. ಬಿರುಕು, ಬಾಗಿದ ತೊಲೆ, ಉಬ್ಬಿದ ಗೋಡೆಗಳ ಚಿತ್ರ ತೆಗೆದು ತಹಸೀಲ್ದಾರರಿಗೂ ಕಾರ್ಯನಿರ್ವಾಹಕ ಅಧಿಕಾರಿಗಳಿಗೂ ಕಳುಹಿಸಬೇಕು. ಮಳೆ ಜೋರಾದ ರಾತ್ರಿಗಳಲ್ಲಿ ಆ ಕುಟುಂಬಗಳು ಶಾಲೆಯಲ್ಲಿಯೋ ಸಮುದಾಯ ಭವನದಲ್ಲಿಯೋ ಮಲಗುವ ಏರ್ಪಾಡು ಮಾಡಬೇಕು. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ.

ರಸ್ತೆ ಮತ್ತು ಮನೆ ಎರಡು ಬೇರೆ ವಿಷಯಗಳೆಂದೂ ಭಾವಿಸಬೇಡಿರಿ. ಕಟ್ಟಡ ಪರವಾನಿಗೆ ಕೊಡುವಾಗ ಹೆದ್ದಾರಿಯ ಅಂಚಿನಿಂದ ಬಿಡಬೇಕಾದ ಅಂತರವನ್ನು ಬಿಡಿಸದಿದ್ದರೆ, ಇಂದಿನ ಮನೆ ನಾಳೆ ಅಂಗಡಿಯಾಗಿ, ಅಂಗಡಿಯ ಮುಂದೆ ಲಾರಿ ನಿಂತು, ಅಪಘಾತದ ದೂರು ನಮ್ಮ ಬಳಿಗೇ ಬರುತ್ತದೆ.

ಪತ್ರದ ಬಗೆಗೂ ಒಂದು ಮಾತು. ‘ಅಪಘಾತಗಳು ಹೆಚ್ಚಾಗಿವೆ, ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂಬ ಪತ್ರಕ್ಕೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರವೇ ಬರುತ್ತದೆ. ಸ್ಥಳ, ಹತ್ತಿರದ ಕಿಲೋಮೀಟರ್ ಕಲ್ಲು, ಅಪಘಾತಗಳ ದಿನಾಂಕ, ಅಪಾಯದ ವೇಳೆ, ಚಿತ್ರ, ಕೇಳುವ ಒಂದೇ ನಿರ್ದಿಷ್ಟ ಕೆಲಸ ಇಷ್ಟೂ ಪತ್ರದಲ್ಲಿರಲಿ. ಮೊದಲು ವಾರ್ಡ್ ಸಭೆಯಲ್ಲಿ ಚರ್ಚೆ, ನಂತರ ಗ್ರಾಮಸಭೆ, ಬಳಿಕ ಪಂಚಾಯತಿಯ ಠರಾವು, ಕೊನೆಗೆ ಜಾವಕ ಸಂಖ್ಯೆ ಹಾಕಿದ ಪತ್ರ ಮತ್ತು ಸ್ವೀಕೃತಿ. ಆದರೆ ಜೀವಾಪಾಯವಿರುವಲ್ಲಿ ಸಭೆಗಾಗಿ ಕಾಯಬೇಡಿರಿ. ಅಂದೇ ಬರೆದು, ಮುಂದಿನ ಸಭೆಯಲ್ಲಿ ಸ್ಥಿರೀಕರಿಸಿರಿ.

ಶಾಸಕರ ಬಳಿ ಹೋಗುವುದು ತಪ್ಪಲ್ಲ, ಹೋಗಲೇಬೇಕು. ಅವರ ಕ್ಷೇತ್ರಾಭಿವೃದ್ಧಿ ನಿಧಿಯಿದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವಿದೆ. ತಾಲ್ಲೂಕಿನ ಕೆಡಿಪಿ ಸಭೆ ಅವರ ಅಧ್ಯಕ್ಷತೆಯಲ್ಲಿಯೇ ನಡೆಯುತ್ತದೆ. ಆದರೆ ಬರಿಗೈಯಲ್ಲಿ ಹೋಗದೆ, ಠರಾವು ಮತ್ತು ಹಿಂದಿನ ಪತ್ರಗಳ ಪ್ರತಿ ಹಿಡಿದು, ಕೆಡಿಪಿ ಸಭೆಗೆ ವಾರ ಮೊದಲೇ ಹೋಗಿರಿ. ಆಗ ನೀವು ಕೇಳುವುದು ಉಪಕಾರವಾಗುವುದಿಲ್ಲ. ಉತ್ತರ ಬರಬೇಕಾದ ಪ್ರಶ್ನೆಯಾಗುತ್ತದೆ.

ಪ್ರತಿ ಪಂಚಾಯತಿಯಲ್ಲಿಯೂ ಅಹವಾಲು ವಹಿಯೊಂದು ಇರಲಿ. ಬಂದ ದಿನಾಂಕ, ವಿಷಯ, ಯಾವ ಕಚೇರಿಗೆ ಬರೆಯಲಾಯಿತು, ಏನು ಉತ್ತರ ಬಂದಿತು ಎಂಬ ನಾಲ್ಕು ಅಂಕಣಗಳು ಸಾಕು. ಪ್ರತಿ ಸಾಮಾನ್ಯ ಸಭೆ ಆ ವಹಿಯನ್ನು ಓದುವುದರಿಂದ ಆರಂಭವಾಗಲಿ. ಸದಸ್ಯರ ಅವಧಿ ಮುಗಿಯುತ್ತದೆ, ನಮ್ಮಂತಹ ಅಧಿಕಾರಿಗಳಿಗೆ ವರ್ಗವಾಗುತ್ತದೆ. ವಹಿ ಮಾತ್ರ ಊರಿನಲ್ಲಿಯೇ ಉಳಿಯುತ್ತದೆ.

ನಾವು ಅನುಭವ ಮಂಟಪದ ನೆಲದವರು. ನಾನಾ ಕಾಯಕದ ಸ್ತ್ರೀಪುರುಷರು ಸಮನಾಗಿ ಕುಳಿತು ಮಾತನಾಡಿದ ಸ್ಥಳವೆಂದು ಅದನ್ನು ಸ್ಮರಿಸುತ್ತೇವೆ. ಆಡಿದ ಮಾತು ಓಲೆಗರಿಗೆ ಇಳಿದುದರಿಂದಲೇ ಅದು ನಮ್ಮವರೆಗೆ ಬಂದಿತು ಎಂಬುದನ್ನೂ ನೆನೆಯೋಣ. ನಿಮ್ಮ ವಾರ್ಡಿನ ತಾಯಿಯೊಬ್ಬಳು ಮಾಳಿಗೆಯ ಬಿರುಕನ್ನು ತೋರಿಸಿದಾಗ, ಆ ಮಾತು ಅಂದೇ ಕಾಗದಕ್ಕೆ ಇಳಿಯಲಿ.