ಮಕ್ಕಳೂ ಕೀಟಪ್ರಪಂಚವೂ



ಹುಳುವನ್ನು ಕಂಡು ಹೇಸುವುದನ್ನು ಮಕ್ಕಳಿಗೆ ಬಹುಮಟ್ಟಿಗೆ ನಾವೇ ಕಲಿಸಿರುತ್ತೇವೆ. ಅದನ್ನು ಮರೆಯಿಸುವ ಪಾಠಶಾಲೆ ನಮ್ಮ ಹಿತ್ತಲಿನ ಕರಿಬೇವಿನ ಗಿಡ.

ಅದರ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ತೋರುವುದು ಎಷ್ಟೋ ವೇಳೆ ನಿಂಬೆಚಿಟ್ಟೆಯ ಮರಿಹುಳು. ಹಿಕ್ಕೆಯನ್ನು ಹಕ್ಕಿ ತಿನ್ನದಷ್ಟೆ; ಆ ವೇಷವೇ ಅದಕ್ಕೆ ರಕ್ಷೆ. 4 ಸಲ ಪೊರೆ ಕಳಚಿದ ಮೇಲೆ ಹುಳು ಎಲೆಯ ಹಸುರನ್ನೇ ತಾಳುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬನ್ನು ಚಾಚಿ ಕಟುವಾಸನೆ ಬೀರುತ್ತದೆ. ಕಡೆಗೆ ನೂಲಿನ ನಡುಕಟ್ಟು ಬಿಗಿದು, ಕಡ್ಡಿಗೆ ಅಂಟಿ, ಕೋಶವಾಗುತ್ತದೆ. ಕೆಲವು ದಿನಗಳಲ್ಲಿ ಕೋಶ ಬಿರಿದು ಚಿಟ್ಟೆ ಹೊರಬರುತ್ತದೆ.

ಗಿಡದ ನಾಲ್ಕೆಲೆ ಹೋದರೆ ಹೋಗಲಿ. ಹುಳುವನ್ನೆಲ್ಲ ಹೊಸಕಿಹಾಕುವ ಮನೆಯ ಮಗು ಚಿಟ್ಟೆಯನ್ನು ಪುಸ್ತಕದ ಚಿತ್ರದಲ್ಲಿಯೇ ಕಾಣಬೇಕಾದೀತು. ಹೆಸರುಗಳನ್ನು ಬಾಯಿಪಾಠ ಮಾಡಿಸುವ ಅವಸರ ಬೇಡ. ಮಗುವಿನೊಡನೆ ದಿನವೂ ಒಂದು ಗಳಿಗೆ ಆ ಗಿಡದ ಬಳಿ ನಿಂತರೆ ಸಾಕು.