ಬಾಣದ ಗುರುತಿನ ಚಿತ್ರ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಬಿ.ಇ. ಮೊದಲ ವರ್ಷ ಲ್ಯಾಬಿನಲ್ಲಿ ಕೂತಾಗ ನನ್ನ ಕೈ ನಡುಗುತ್ತಿತ್ತು. ಏನಾದರೂ ಒತ್ತಿದರೆ ಕಂಪ್ಯೂಟರ್ ಕೆಟ್ಟುಹೋದೀತು ಎಂಬ ಭಯ. ಒಂದು ದಿನ ಡೆಸ್ಕ್‌ಟಾಪ್ ಮೇಲಿನ ಚಿತ್ರವೊಂದು ಕೈತಪ್ಪಿ ಅಳಿಸಿಹೋಯಿತು. ದಂಡ ಕಟ್ಟಬೇಕಾದೀತೆಂದು ಬೆವತುಬಿಟ್ಟೆ. ಪಕ್ಕದ ಗೆಳೆಯ ನಕ್ಕು, "ಕಂಟ್ರೋಲ್ ಹಿಡ್ಕೊಂಡು ಝಡ್ ಒತ್ತಪಾ" ಎಂದ. ಚಿತ್ರ ವಾಪಸ್ ಬಂತು!

ಮೂಲೆಯಲ್ಲಿ ಸಣ್ಣ ಬಾಣವಿರುವ ಚಿತ್ರಕ್ಕೆ ಶಾರ್ಟ್‌ಕಟ್ ಎನ್ನುತ್ತಾರೆ. ಅದು ಮನೆಯಲ್ಲ, ಮನೆಯ ದಾರಿ ತೋರಿಸುವ ಫಲಕ. ಫಲಕ ಬಿದ್ದರೆ ಮನೆ ಬೀಳುವುದಿಲ್ಲ. ಇಷ್ಟು ತಿಳಿದ ದಿನ ನನ್ನ ಭಯ ಹೋಯಿತು.

ಈ ಫಲಕವನ್ನು ನಮಗೆ ಬೇಕಾದಂತೆ ಹಾಕಿಕೊಳ್ಳಬಹುದು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ನಿಮ್ಮಲ್ಲಿ ಅನೇಕರಿಗೆ ಗೊತ್ತು. ವಿಂಡೋಸ್ ಡೆಸ್ಕ್‌ಟಾಪ್‌ನಲ್ಲಿ ಅದರ ಶಾರ್ಟ್‌ಕಟ್ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್ ತೆರೆಯಿರಿ. 'ಶಾರ್ಟ್‌ಕಟ್ ಕೀ' ಎಂಬ ಜಾಗದಲ್ಲಿ ಎನ್ ಒತ್ತಿ, ಓಕೆ ಕೊಡಿ. ಮುಂದೆ ಕಂಟ್ರೋಲ್, ಆಲ್ಟ್, ಎನ್ ಮೂರನ್ನೂ ಕೂಡಿಸಿ ಒತ್ತಿದರೆ ನುಡಿ ತೆರೆಯುತ್ತದೆ. ಹಾಜರಿ, ಅಂಕಪಟ್ಟಿಯ ಕಡತಗಳಿಗೂ ಶಾರ್ಟ್‌ಕಟ್ ಮಾಡಿ ಹೀಗೆಯೇ ಒಂದೊಂದು ಅಕ್ಷರ ಕೊಡಬಹುದು. ದಿನಾಲೂ ಬೇಕಾದ ಐದಾರು ಚಿತ್ರಗಳನ್ನು ಮಾತ್ರ ಡೆಸ್ಕ್‌ಟಾಪ್ ಮೇಲಿಡಿ. ಸಂತೆಯಂತೆ ತುಂಬಿದರೆ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಎಷ್ಟೇ ಕಿಟಕಿ ತೆರೆದಿದ್ದರೂ ವಿಂಡೋಸ್ ಕೀ ಜೊತೆ ಡಿ ಒತ್ತಿದರೆ ಡೆಸ್ಕ್‌ಟಾಪ್ ಕಾಣುತ್ತದೆ.

ನುಡಿಯ ಕೀಲಿಮಣೆ ವಿನ್ಯಾಸಕ್ಕೆ ಆಧಾರ ಕೆ.ಪಿ. ರಾವ್ ಅವರು ರೂಪಿಸಿದ್ದು. ಅದರಲ್ಲಿ ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರಕ್ಕೆ ನಡುವೆ ಎಫ್. 'ಭಾಲ್ಕಿ' ಎಂದು ಬರೆಯಲು ದೊಡ್ಡ ಬಿ, ದೊಡ್ಡ ಎ, ಎಲ್, ಎಫ್, ಕೆ, ಐ ಸಾಕು. ಆರು ಕೀಲಿಯಲ್ಲಿ ನಮ್ಮೂರು ಬಂತು.

ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಇವತ್ತು ಕೀಲಿಮಣೆ ಮೇಲೆ ಇಂಗ್ಲಿಷ್ ಅಕ್ಷರ ಇದ್ದರೇನಾಯಿತು? ಒಳಗೆ ಕನ್ನಡ ಮೂಡಿಸುವುದು ನಮ್ಮ ಬೆರಳಲ್ಲಿದೆ.

ಗುರುಗಳಲ್ಲಿ ಒಂದೇ ವಿನಂತಿ. ಮಕ್ಕಳಿಗೆ ಮೊದಲ ದಿನವೇ ಕಂಟ್ರೋಲ್-ಝಡ್ ಹೇಳಿಕೊಡಿ. ತಪ್ಪನ್ನು ತಿದ್ದಬಹುದು ಎಂದು ಗೊತ್ತಾದ ಮಗು ಯಂತ್ರ ಮುಟ್ಟಲು ಹೆದರುವುದಿಲ್ಲ. ಮುಟ್ಟದೆ ಯಾರೂ ಕಲಿತಿಲ್ಲ.